ಹೋಮ್ ಥಿಯೇಟರ್ ರಿಸೀವರಿನ ಆಯ್ಕೆ ಮತ್ತು ಬಾಹ್ಯ ವರ್ಧಕಗಳ ಅವಶ್ಯಕತೆ

ದಾವಣಗೆರೆಯು ಹತ್ತಿಯ ಗಿರಣಿಗಳಿಗೆ ಹೇಗೋ ಹಾಗೆಯೇ ವೃತ್ತಿರಂಗಭೂಮಿಗೂ ಹೆಸರಾದ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯು ಇಲ್ಲಿಂದ ಹೊರಟು ನಾಡಿನ ಅನೇಕ ಊರುಗಳಲ್ಲಿ ಕ್ಯಾಂಪು ಹೂಡಿದುದನ್ನು ಹಿರಿಯರು ಬಲ್ಲರು. ಕಂಪನಿಯ ನಟನಿಗೆ ಅತ್ಯಗತ್ಯವಾಗಿದ್ದ ವಿದ್ಯೆಯೆಂದರೆ ಕೊನೆಯ ಸಾಲಿನ ಪ್ರೇಕ್ಷಕನಿಗೂ ಮಾತು ಬಿಡಿಬಿಡಿಯಾಗಿ ಕೇಳುವಂತೆ ನುಡಿಯುವುದು, ಬರಿದೆ ಕೂಗುವುದಲ್ಲ. ಗಟ್ಟಿತನ ಬೇರೆ, ಸ್ಪಷ್ಟತೆ ಬೇರೆ. ರಂಗವೇ ಮನೆಯ ಪಡಸಾಲೆಗೆ ಬಂದಿರುವ ಈ ಕಾಲದಲ್ಲಿ ಈ ಭೇದವು ಮರೆತುಹೋಗುವಂತಿದೆ. ಹೋಮ್ ಥಿಯೇಟರನ್ನು ಕೊಳ್ಳಹೊರಟವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ‘ಎಷ್ಟು ವ್ಯಾಟ್?’ ಎಂಬುದು. ಸಂಭಾಷಣೆ ತಿಳಿಯಲಿಲ್ಲವೆಂದರೆ ಅವರಿಗೆ ದೊರೆಯುವ ಸಲಹೆಯೂ ‘ಇನ್ನೂ ದೊಡ್ಡ ಆಂಪ್ಲಿಫೈಯರ್ ಹಾಕಿಸಿರಿ’ ಎಂಬುದೇ. ವ್ಯಾಟಿನ ಪ್ರಶ್ನೆಯು ಮೊದಲನೆಯದಲ್ಲ, ಕೊನೆಯದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಲೆಕ್ಕದ ಮೂಲಕ ತೋರಿಸಲು ಉದ್ದೇಶಿಸಿದ್ದೇವೆ. ಪದವಿ ತರಗತಿಯ ಭೌತಶಾಸ್ತ್ರವನ್ನು ಮೀರಿದ ಯಾವ ಸಿದ್ಧಾಂತವೂ ಇದಕ್ಕೆ ಬೇಕಾಗಿಲ್ಲ.

1. ಪರಿಭಾಷೆ

ಟಿ.ವಿ., ಡಿಸ್ಕ್ ಪ್ಲೇಯರ್ ಮೊದಲಾದವುಗಳಿಂದ ಬರುವ ಸಂಕೇತವನ್ನು ಸ್ವೀಕರಿಸಿ, ಮುಂಭಾಗದ ಎಡ, ಬಲ, ಮಧ್ಯ ಹಾಗೂ ಸುತ್ತಣ ಸ್ಪೀಕರುಗಳಿಗೆ ಬೇರೆಬೇರೆಯಾಗಿ ವಿಂಗಡಿಸಿ, ಪ್ರತಿಯೊಂದನ್ನೂ ವರ್ಧಿಸಿ ಕಳುಹಿಸುವ ಪೆಟ್ಟಿಗೆಗೆ ರಿಸೀವರ್ ಎಂದು ಹೆಸರು. ಹೀಗೆ ವಿಂಗಡಿಸಿದ ಒಂದೊಂದು ದಾರಿಯೂ ಒಂದೊಂದು ಚಾನೆಲ್. ವಿಂಗಡಿಸುವ ಕಾರ್ಯವನ್ನು ರಿಸೀವರಿಗೇ ಬಿಟ್ಟು, ವರ್ಧಿಸುವ ಕಾರ್ಯವನ್ನು ಮಾತ್ರ ಬೇರೊಂದು ಪೆಟ್ಟಿಗೆಗೆ ಒಪ್ಪಿಸಿದಾಗ ಆ ಎರಡನೆಯ ಪೆಟ್ಟಿಗೆಯು ಬಾಹ್ಯ ವರ್ಧಕವೆನಿಸುವುದು. ‘ಧ್ವನಿವರ್ಧಕ’ ಎಂಬ ಮಾತು ರೂಢಿಯಲ್ಲಿ ಸ್ಪೀಕರಿಗೂ ಸಲ್ಲುವುದರಿಂದ, ಗೊಂದಲವಾಗದಂತೆ ಇಲ್ಲಿ ಆಂಪ್ಲಿಫೈಯರನ್ನು ವರ್ಧಕವೆಂದೂ ಸ್ಪೀಕರನ್ನು ಸ್ಪೀಕರ್ ಎಂದೇ ಕರೆದಿದ್ದೇವೆ.

2. ಕೊಠಡಿಯ ಗುಣ

ಹರಿಹರದ ಹರಿಹರೇಶ್ವರ ದೇವಾಲಯವು ಹೊಯ್ಸಳರ ಕಾಲದಲ್ಲಿ, 1224ರಲ್ಲಿ, ನಿರ್ಮಾಣವಾದುದು. ಅಂತಹ ಶಿಲಾಮಂಟಪದಲ್ಲಿ ಗಂಟೆಯ ನಾದವು ಬಡಿತ ನಿಂತ ಮೇಲೂ ಉಳಿಯುವುದು ಭಕ್ತಿಗೆ ಪೋಷಕವೇ ಸರಿ. ಆದರೆ ಗ್ರಾನೈಟ್ ನೆಲ, ಸಿಮೆಂಟ್ ಗೋಡೆ ಹಾಗೂ ಕಾಂಕ್ರೀಟ್ ಸೂರಿನ ಇಂದಿನ ಪಡಸಾಲೆಯೂ ಅದೇ ಗುಣವನ್ನು ಪಡೆದರೆ ಒಂದು ಅಕ್ಷರದ ಬಾಲವು ಮುಂದಿನ ಅಕ್ಷರದ ಮೇಲೆ ಬಿದ್ದು ಮಾತು ಕಲಸಿಹೋಗುವುದು. ಶಬ್ದವು ಹೀಗೆ ಉಳಿಯುವುದಕ್ಕೆ ಅನುರಣನವೆಂದು ಹೆಸರು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಒಂದು ಉಪನ್ಯಾಸಮಂದಿರದಲ್ಲಿ ಇದೇ ದೋಷವಿದ್ದಾಗ, 1895ರಿಂದ ಮುಂದಕ್ಕೆ ವಾಲೆಸ್ ಸಬೈನ್ ಎಂಬ ಭೌತವಿಜ್ಞಾನಿಯು ಆಸನದ ಮೆತ್ತೆಗಳನ್ನು ತಂದಿಟ್ಟು, ತೆಗೆದು, ಪ್ರಯೋಗ ನಡೆಸಿ ಸರಳವಾದ ಒಂದು ನಿಯಮವನ್ನು ಕಂಡುಕೊಂಡನು. ಶಬ್ದವು 60 ಡೆಸಿಬೆಲ್ ಇಳಿಯಲು ಬೇಕಾಗುವ ಕಾಲವನ್ನು ಸೆಕೆಂಡುಗಳಲ್ಲಿ ತಿಳಿಯಬೇಕಾದರೆ, ಘನಮೀಟರುಗಳಲ್ಲಿರುವ ಕೊಠಡಿಯ ಗಾತ್ರವನ್ನು 0.161ರಿಂದ ಗುಣಿಸಿ, ಕೊಠಡಿಯ ಒಟ್ಟು ಶಬ್ದಶೋಷಣೆಯಿಂದ ಭಾಗಿಸತಕ್ಕದ್ದು.

5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಪಡಸಾಲೆಯೊಂದನ್ನು ತೆಗೆದುಕೊಳ್ಳೋಣ. ಗಾತ್ರ 60 ಘನಮೀಟರ್. ನೆಲ, ಸೂರು, ಗೋಡೆಗಳ ಒಟ್ಟು ಕ್ಷೇತ್ರಫಲ 94 ಚದರ ಮೀಟರ್. ಬರಿಯ ಗೋಡೆನೆಲಗಳು ತಮ್ಮ ಮೇಲೆ ಬಿದ್ದ ಶಬ್ದದಲ್ಲಿ ಸರಾಸರಿ ನೂರಕ್ಕೆ 6 ಭಾಗವನ್ನು ಹೀರುವುವೆಂದು ಹಿಡಿದರೆ ಅನುರಣನಕಾಲವು ಸುಮಾರು 1.7 ಸೆಕೆಂಡು. ನೆಲಕ್ಕೆ ದಪ್ಪನೆಯ ಜಮಖಾನ, ಕಿಟಕಿಬಾಗಿಲುಗಳಿಗೆ ಭಾರವಾದ ಪರದೆ, ಹತ್ತಿಯ ಮೆತ್ತೆಗಳ ಆಸನ ಹಾಗೂ ಅದರ ಮೇಲೆ ಕುಳಿತ ಮೂರು ಜನ, ಇಷ್ಟು ಸೇರಿದರೆ ಶೋಷಣೆಯು ಸುಮಾರು ಮೂರು ಪಟ್ಟಾಗಿ, ಕಾಲವು 0.6 ಸೆಕೆಂಡಿನ ಆಸುಪಾಸಿಗೆ ಇಳಿಯುವುದು. ಈ ಲಾಭವು ಮಾತಿಗೆ ಮುಖ್ಯವಾದ ಮಧ್ಯಮ ಮತ್ತು ಉಚ್ಚ ಕಂಪನಾಂಕಗಳಿಗೆ ಸಲ್ಲುವುದೇ ಹೊರತು ತಗ್ಗಿನ ನಾದಗಳಿಗೆ ಅಷ್ಟಾಗಿ ಸಲ್ಲದು. ಆದರೂ ಹತ್ತಿಯ ಊರಿನಲ್ಲಿ ಮೆತ್ತೆಗೆ ಬರವಿಲ್ಲ. ನೆರೆಯ ಚಳ್ಳಕೆರೆಯ ಕಂಬಳಿಯನ್ನು ಎರಡು ಮಡಿಕೆ ಮಾಡಿ ಗೋಡೆಗೆ ತೂಗುಹಾಕಿದರೂ ಅದು ತನ್ನ ಪಾಲಿನ ಕೆಲಸವನ್ನು ಮಾಡುವುದು. ಅನುರಣನದಿಂದ ಕೆಟ್ಟ ಮಾತನ್ನು ಯಾವ ವರ್ಧಕವೂ ಸರಿಪಡಿಸಲಾರದು. ಏಕೆಂದರೆ ಮಾತನ್ನು ಎಷ್ಟು ಹೆಚ್ಚಿಸುವುದೋ ಅದರ ಬಾಲವನ್ನೂ ಅಷ್ಟೇ ಹೆಚ್ಚಿಸುವುದು.

3. ವ್ಯಾಟಿನ ಲೆಕ್ಕ

ಕೊಠಡಿಯ ಬಳಿಕ ಸ್ಪೀಕರು. ಇದರ ಎರಡು ಗುಣಗಳನ್ನು ತಿಳಿಯತಕ್ಕದ್ದು. ಒಂದು, ಸಂವೇದನೆ, ಅಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ದೊರೆಯುವ ಶಬ್ದಮಟ್ಟ. ಇನ್ನೊಂದು, ಓಮ್‌ಗಳಲ್ಲಿ ಹೇಳುವ ವಿದ್ಯುತ್ ಪ್ರತಿಬಂಧ. ನಮ್ಮ ಪಡಸಾಲೆಯಲ್ಲಿ ಸಂವೇದನೆ 88 ಡೆಸಿಬೆಲ್, ಪ್ರತಿಬಂಧ 8 ಓಮ್ ಇರುವ ಸ್ಪೀಕರಿನಿಂದ ಕೇಳುಗನು 3 ಮೀಟರ್ ದೂರದಲ್ಲಿ ಕುಳಿತಿರುವನೆನ್ನೋಣ. ದೂರದಿಂದಾಗುವ ನಷ್ಟ ಸುಮಾರು 9.5 ಡೆಸಿಬೆಲ್. ಆದುದರಿಂದ 1 ವ್ಯಾಟಿಗೆ ಅವನ ಕಿವಿಯಲ್ಲಿ 78.5 ಡೆಸಿಬೆಲ್ ದೊರೆಯುವುದು.

ಸಂಭಾಷಣೆಯನ್ನು 70 ಡೆಸಿಬೆಲ್ ಮಟ್ಟದಲ್ಲಿ ಕೇಳುವುದಕ್ಕೆ ಬೇಕಾದ ಶಕ್ತಿಯು 0.14 ವ್ಯಾಟ್, ಅಂದರೆ ಒಂದು ವ್ಯಾಟಿನ ಏಳನೆಯ ಒಂದು ಭಾಗ. ಕ್ಷಣಕಾಲ ಏಳುವ ಸ್ಫೋಟ, ತಮಟೆ, ಸಿಡಿಲುಗಳಿಗೆ 95 ಡೆಸಿಬೆಲ್ ಬೇಕೆಂದರೆ 45 ವ್ಯಾಟ್. 100 ಡೆಸಿಬೆಲ್‌ಗೆ 141 ವ್ಯಾಟ್. ಚಿತ್ರಮಂದಿರದ ಮಾನಕಕ್ಕೆ ಅನುಸಾರವಾಗಿ ಒಂದೊಂದು ಮುಖ್ಯ ಚಾನೆಲ್‌ನ ಶಿಖರಮಟ್ಟವು 105 ಡೆಸಿಬೆಲ್ ಆಗಬೇಕೆಂದರೆ ಸುಮಾರು 447 ವ್ಯಾಟ್. ಗೋಡೆಗಳಿಂದ ಮರಳುವ ಶಬ್ದವೂ ಕೂಡುವುದರಿಂದ ಮನೆಯಲ್ಲಿ ಇವುಗಳಿಗಿಂತ ಕಡಿಮೆ ಶಕ್ತಿಯೇ ಸಾಕಾಗುವುದು. ಮೇಲಾಗಿ, ಮನೆಯಲ್ಲಿ ಚಿತ್ರಮಂದಿರದ ಮಟ್ಟವನ್ನು ಬಯಸುವವರು ವಿರಳ.

ಈ ಅಂಕಿಗಳಿಂದ ಎರಡು ಸಂಗತಿಗಳು ಹೊರಡುವುವು. ಮೊದಲನೆಯದಾಗಿ, ವರ್ಧಕವು ಬಹುಪಾಲು ಹೊತ್ತು ಒಂದು ವ್ಯಾಟಿಗಿಂತ ಕಡಿಮೆ ಶಕ್ತಿಯಲ್ಲೇ ದುಡಿಯುವುದು. ಎರಡನೆಯದಾಗಿ, ಶಕ್ತಿಯನ್ನು ಇಮ್ಮಡಿಸಿದರೆ ದೊರೆಯುವುದು ಕೇವಲ 3 ಡೆಸಿಬೆಲ್. ಕಿವಿಗೆ ‘ಎರಡರಷ್ಟು’ ಎನಿಸಬೇಕಾದರೆ ಸುಮಾರು 10 ಡೆಸಿಬೆಲ್, ಎಂದರೆ ಹತ್ತು ಪಟ್ಟು ಶಕ್ತಿ ಬೇಕು. ಇದಕ್ಕೆ ಬದಲಾಗಿ 92 ಡೆಸಿಬೆಲ್ ಸಂವೇದನೆಯ ಸ್ಪೀಕರನ್ನು ಆರಿಸಿದರೆ ಮೇಲಿನ 45 ವ್ಯಾಟಿನ ಕೆಲಸವು 18 ವ್ಯಾಟಿನಲ್ಲಿ ಮುಗಿಯುವುದು. ಸ್ಪೀಕರಿನ ಆಯ್ಕೆಯಲ್ಲಿ ಗಳಿಸಿದ 4 ಡೆಸಿಬೆಲ್, ವರ್ಧಕವನ್ನು ಎರಡೂವರೆ ಪಟ್ಟು ಹಿಗ್ಗಿಸಿದುದಕ್ಕೆ ಸಮ.

4. ಪೆಟ್ಟಿಗೆಯ ಮೇಲಿನ ಸಂಖ್ಯೆ

ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳಿಗೆ ಪ್ರಸಿದ್ಧವಾಗಿತ್ತು. ಕಾರ್ಖಾನೆಯು ಈಗ ಇಲ್ಲವಾದರೂ, ಯಂತ್ರದ ಫಲಕದ ಮೇಲೆ ಬರೆದ ಅಶ್ವಶಕ್ತಿಯನ್ನು ಮೋಟಾರು ಎಡೆಬಿಡದೆ ಕೊಡಬಲ್ಲುದೆ, ಕ್ಷಣಕಾಲ ಮಾತ್ರ ಕೊಡಬಲ್ಲುದೆ ಎಂಬ ಪ್ರಶ್ನೆಯು ಯಂತ್ರದೊಡನೆ ಬಾಳಿದವರಿಗೆ ಹೊಸದಲ್ಲ. ಇದೇ ಪ್ರಶ್ನೆಯನ್ನು ಧ್ವನಿಯ ಪೆಟ್ಟಿಗೆಗೂ ಹಾಕತಕ್ಕದ್ದು. ಅಗ್ಗದ ಪೆಟ್ಟಿಗೆಗಳ ಮೇಲೆ ಸಾವಿರಗಟ್ಟಲೆ ಬರೆಯಲಾಗುವ ‘ಪಿ.ಎಂ.ಪಿ.ಓ.’ ವ್ಯಾಟುಗಳಿಗೆ ಭೌತಶಾಸ್ತ್ರದಲ್ಲಿ ನಿಶ್ಚಿತವಾದ ಅರ್ಥವಿಲ್ಲ. ಇಂತಹ ಉತ್ಪ್ರೇಕ್ಷೆಯನ್ನು ತಡೆಯಲೆಂದು ಅಮೆರಿಕಾದಲ್ಲಿ 1974ರಲ್ಲಿಯೇ ಒಂದು ನಿಯಮವನ್ನು ಜಾರಿಗೆ ತಂದು, 2024ರಲ್ಲಿ ಅದನ್ನು ಪರಿಷ್ಕರಿಸಿದರು.

ಒಳ್ಳೆಯ ತಯಾರಕರ ಸಂಖ್ಯೆಯನ್ನೂ ಎಚ್ಚರದಿಂದ ಓದಬೇಕು. 2022ರಲ್ಲಿ ಬಂದ ಡೆನಾನ್ ಎವಿಆರ್-ಎಕ್ಸ್3800ಎಚ್ ಎಂಬ ರಿಸೀವರಿನಲ್ಲಿ ಒಂಬತ್ತು ವರ್ಧಕಗಳಿವೆ. ಚಾನೆಲ್ ಒಂದಕ್ಕೆ 105 ವ್ಯಾಟ್ ಎಂದು ತಯಾರಕರ ಹೇಳಿಕೆ. ಆದರೆ ಅದು 8 ಓಮ್ ಪ್ರತಿಬಂಧಕ್ಕೆ, ಎರಡೇ ಚಾನೆಲ್‌ಗಳು ಏಕಕಾಲದಲ್ಲಿ ದುಡಿಯುವಾಗ ಸಲ್ಲುವ ಮಾತು. ಒಂಬತ್ತೂ ಚಾನೆಲ್‌ಗಳು ಅಷ್ಟನ್ನು ಒಮ್ಮೆಲೇ ಕೊಡಬೇಕಾದರೆ ಹೊರಬರುವ ಶಕ್ತಿಯೇ 945 ವ್ಯಾಟ್ ಆಗುವುದು. ನೂರಕ್ಕೆ 60ರ ದಕ್ಷತೆಯನ್ನು ಹಿಡಿದರೆ ಗೋಡೆಯ ಸಾಕೆಟ್ಟಿನಿಂದ ಸುಮಾರು 1,575 ವ್ಯಾಟ್ ಎಳೆಯಬೇಕಾಗುವುದು. ಒಂದೇ ಪರಿವರ್ತಕವನ್ನು ಹಂಚಿಕೊಂಡು ಉಣ್ಣುವ ವರ್ಧಕಗಳಿಂದ ಇದನ್ನು ನಿರೀಕ್ಷಿಸಲಾಗದು. ಇದು ಮೋಸವೂ ಅಲ್ಲ. ಚಲನಚಿತ್ರದಲ್ಲಿ ಎಲ್ಲ ಚಾನೆಲ್‌ಗಳೂ ಒಟ್ಟಿಗೆ ಶಿಖರವನ್ನು ಮುಟ್ಟುವ ಸಂದರ್ಭವು ಅಪರೂಪ.

5. ಬಾಹ್ಯ ವರ್ಧಕವು ಯಾವಾಗ ಬೇಕು?

ಮನೆಯಲ್ಲಿ ಸಬ್‌ವೂಫರ್ ಇದ್ದರೆ ಒಂದು ಬಾಹ್ಯ ವರ್ಧಕವು ಈಗಾಗಲೇ ಇದೆಯೆಂದೇ ತಿಳಿಯಬೇಕು. ಏಕೆಂದರೆ ಸಾಮಾನ್ಯವಾಗಿ ಅದರ ಹೊಟ್ಟೆಯಲ್ಲೇ ಸ್ವಂತ ವರ್ಧಕವಿರುವುದು. ಸುಮಾರು 80 ಹರ್ಟ್ಸ್‌ಗಿಂತ ತಗ್ಗಿನ ನಾದಗಳನ್ನು ಅದಕ್ಕೆ ಒಪ್ಪಿಸುವಂತೆ ರಿಸೀವರನ್ನು ಹೊಂದಿಸಿದರೆ ಉಳಿದ ಚಾನೆಲ್‌ಗಳ ಭಾರವು ಬಹಳಷ್ಟು ಇಳಿಯುವುದು. ಇದನ್ನು ಮಾಡದೆ ಹೊಸ ವರ್ಧಕವನ್ನು ಕೊಳ್ಳುವುದು ಸಲ್ಲದು.

ಇಷ್ಟಾದ ಮೇಲೂ ಬಾಹ್ಯ ವರ್ಧಕವು ಸಮರ್ಥನೀಯವಾಗುವ ಸಂದರ್ಭಗಳು ಮೂರು. ಒಂದು, ಸ್ಪೀಕರು 4 ಓಮಿನದಾಗಿದ್ದು ಸಂವೇದನೆಯೂ ಕಡಿಮೆಯಿರುವಾಗ. 8 ಓಮಿಗೆ 100 ವ್ಯಾಟ್ ಕೊಡಲು 28.3 ವೋಲ್ಟ್, 3.5 ಆಂಪಿಯರ್ ಸಾಕು. ಅದೇ ವೋಲ್ಟಿಗೆ 4 ಓಮಿನ ಸ್ಪೀಕರು 7 ಆಂಪಿಯರನ್ನು ಎಳೆಯುವುದು. ಆಗ ರಿಸೀವರು ಬಿಸಿಯೇರಿ ತನ್ನನ್ನು ತಾನೇ ಆರಿಸಿಕೊಳ್ಳಬಹುದು. ಎರಡು, ಕೊಠಡಿಯು ದೊಡ್ಡದಾಗಿದ್ದಾಗ. ಕಾಲೇಜಿನ ಸಭಾಕೊಠಡಿಯಲ್ಲಿ ದೂರವು 3ರಿಂದ 6 ಮೀಟರಿಗೆ ಏರಿದರೆ 6 ಡೆಸಿಬೆಲ್ ನಷ್ಟವಾಗಿ ನಾಲ್ಕು ಪಟ್ಟು ಶಕ್ತಿ ಬೇಕಾಗುವುದು. ಮೂರು, ರಿಸೀವರು ವಿಂಗಡಿಸಬಲ್ಲ ಚಾನೆಲ್‌ಗಳಿಗಿಂತ ಅದರ ಒಳಗಿನ ವರ್ಧಕಗಳು ಕಡಿಮೆಯಿದ್ದಾಗ. ಮೇಲೆ ಹೇಳಿದ ಮಾದರಿಯು 11 ಚಾನೆಲ್‌ಗಳನ್ನು ವಿಂಗಡಿಸಿದರೂ 9ಕ್ಕೆ ಮಾತ್ರ ಶಕ್ತಿ ಕೊಡುವುದು. ಈ ಮೂರೂ ಇಲ್ಲದ ಮನೆಯಲ್ಲಿ 105 ವ್ಯಾಟಿನ ಚಾನೆಲ್‌ಗೆ 200 ವ್ಯಾಟಿನ ಬಾಹ್ಯ ವರ್ಧಕವನ್ನು ತಂದರೆ ದೊರೆಯುವ ಹೆಚ್ಚಳವು 2.8 ಡೆಸಿಬೆಲ್ ಮಾತ್ರ.

ಬೇಕೆಂದು ನಿಶ್ಚಯವಾದರೆ ಮುಂಭಾಗದ ಎಡ, ಮಧ್ಯ, ಬಲ ಚಾನೆಲ್‌ಗಳನ್ನು ಮೊದಲು ಹೊರಕ್ಕೆ ಸಾಗಿಸುವುದು ಯುಕ್ತ. ಸಂಭಾಷಣೆಯು ಬಹುಮಟ್ಟಿಗೆ ಮಧ್ಯದ ಸ್ಪೀಕರಿನಿಂದಲೇ ಬರುವುದು. ಉಳಿದ ಚಾನೆಲ್‌ಗಳಿಗೆ ರಿಸೀವರಿನ ಪರಿವರ್ತಕವು ಬಿಡುವಾಗುವುದು. ಆದುದರಿಂದ ಕೊಳ್ಳುವಾಗಲೇ ರಿಸೀವರಿನ ಹಿಂಬದಿಯಲ್ಲಿ ‘ಪ್ರೀ-ಔಟ್’ ಎಂಬ ಹೊರದಾರಿಗಳಿವೆಯೇ ಎಂದು ನೋಡತಕ್ಕದ್ದು. ಅವಿಲ್ಲದ ರಿಸೀವರಿಗೆ ಮುಂದೆ ಬಾಹ್ಯ ವರ್ಧಕವನ್ನು ಕ್ರಮವಾಗಿ ಜೋಡಿಸಲಾಗದು. 29 ಡೆಸಿಬೆಲ್ ವರ್ಧನೆಯುಳ್ಳ ವರ್ಧಕವು ವೋಲ್ಟೇಜನ್ನು ಸುಮಾರು 28 ಪಟ್ಟು ಮಾಡುವುದು. 8 ಓಮಿಗೆ 200 ವ್ಯಾಟ್ ಎಂದರೆ 40 ವೋಲ್ಟ್. ಆದಕಾರಣ ಪ್ರೀ-ಔಟ್ 1.4 ವೋಲ್ಟನ್ನು ವಿಕಾರವಿಲ್ಲದೆ ಕೊಡಬಲ್ಲುದಾಗಿರಬೇಕು. ಜೋಡಣೆಯಾದ ಬಳಿಕ ರಿಸೀವರಿನೊಡನೆ ಬಂದ ಮೈಕಿನಿಂದ ಎಲ್ಲ ಚಾನೆಲ್‌ಗಳ ಮಟ್ಟವನ್ನು ಮತ್ತೆ ಸರಿದೂಗಿಸಬೇಕು.

6. ವಿದ್ಯುತ್ತು ಮತ್ತು ಉಷ್ಣ

ನಮ್ಮಲ್ಲಿ ವೋಲ್ಟೇಜಿನ ಇಳಿತದ ಚಿಂತೆ ಹೆಚ್ಚು. 230 ವೋಲ್ಟಿನ ಪೂರೈಕೆಯು 190ಕ್ಕೆ ಇಳಿದರೆ ಸಾಧಾರಣ ಪರಿವರ್ತಕದ ವರ್ಧಕವು 100 ವ್ಯಾಟಿಗೆ ಬದಲಾಗಿ 68 ವ್ಯಾಟ್ ಕೊಡುವುದು. ನಷ್ಟವು 1.7 ಡೆಸಿಬೆಲ್, ಕಿವಿಗೆ ಅದು ತಿಳಿಯುವುದೇ ಕಷ್ಟ. ನಿಜವಾದ ಅಪಾಯವು ಏರಿಕೆಯಲ್ಲಿದೆ. ಮೂರು ಫೇಸಿನ ಪೂರೈಕೆಯಲ್ಲಿ ನ್ಯೂಟ್ರಲ್ ತಂತಿಯು ಕಡಿದರೆ ಮನೆಯ ಉಪಕರಣಗಳ ಮೇಲೆ 230ಕ್ಕೆ ಬದಲು 400 ವೋಲ್ಟಿನ ಹತ್ತಿರಕ್ಕೆ ಬೀಳಬಹುದು. ಆದುದರಿಂದ ಹೆಚ್ಚಿನ ವೋಲ್ಟೇಜಿನಲ್ಲಿ ತಾನಾಗಿ ಕಡಿದುಹಾಕುವ ಸಾಧನವು ಮೊದಲು ಬೇಕು. 6 ಆಂಪಿಯರಿನ ಸಾಕೆಟ್ಟಿನ ಮಿತಿಯು 1,380 ವ್ಯಾಟ್. ದೊಡ್ಡ ಬಾಹ್ಯ ವರ್ಧಕಕ್ಕೆ 16 ಆಂಪಿಯರಿನ ಸಾಕೆಟ್ಟೇ ತಕ್ಕುದು. ಸೈನ್ ತರಂಗವನ್ನು ಕೊಡದ ಅಗ್ಗದ ಇನ್ವರ್ಟರಿನಿಂದ ಇವುಗಳನ್ನು ನಡೆಸದಿರುವುದು ಲೇಸು.

ಎರಡು ಪೆಟ್ಟಿಗೆಗಳಾದಾಗ ಸ್ಪೀಕರಿನಲ್ಲಿ ಗುಂಯ್‌ಗುಡುವ ನಾದವು ಹುಟ್ಟುವುದುಂಟು. ಅವು ಬೇರೆಬೇರೆ ಸಾಕೆಟ್ಟುಗಳಿಂದ ಭೂಸಂಪರ್ಕ ಪಡೆದಾಗ ಸಂಕೇತದ ತಂತಿಯ ಮೂಲಕ ಅವುಗಳ ನಡುವೆ ಪ್ರವಾಹ ಸುತ್ತುವುದೇ ಇದಕ್ಕೆ ಸಾಮಾನ್ಯ ಕಾರಣ. ಎಲ್ಲವನ್ನೂ ಒಂದೇ ಬೋರ್ಡಿಗೆ ಜೋಡಿಸಿದರೆ ಹೆಚ್ಚಾಗಿ ನಿಲ್ಲುವುದು. ನಾದವನ್ನು ನಿಲ್ಲಿಸಲೆಂದು ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನು ತೆಗೆಯುವುದು ಪ್ರಾಣಾಪಾಯಕರ. ಅದನ್ನು ಎಂದಿಗೂ ಮಾಡಕೂಡದು. ಅನೇಕ ತಯಾರಕರು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೊಠಡಿಗೆ ಮಾತ್ರ ಭರವಸೆ ಕೊಡುವರು. ನಮ್ಮ ಬೇಸಿಗೆಯ ಹಗಲು ಅದನ್ನು ದಾಟುವುದರಿಂದ, ರಿಸೀವರನ್ನು ಮುಚ್ಚಿದ ಷೋಕೇಸಿನಲ್ಲಿಡದೆ ಮೇಲುಗಡೆ ಗಾಳಿಯಾಡುವಂತೆ ಇಡಬೇಕು.

7. ಉಪಸಂಹಾರ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಾರಕ್ಕೆ 40 ಗಂಟೆ ಕೇಳುವವರಿಗೆ 80 ಡೆಸಿಬೆಲ್ ಸುರಕ್ಷಿತ ಮಿತಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಟ್ಟವು ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್. ಗೋಡೆಗೆ ಗೋಡೆ ತಾಗಿದ ನಮ್ಮ ಬಡಾವಣೆಗಳಲ್ಲಿ ಒಂದು ಮನೆಯ ಸಿಡಿಲು ಪಕ್ಕದ ಮನೆಯಲ್ಲಿ ಓದುವ ವಿದ್ಯಾರ್ಥಿಯ ಮೇಜನ್ನೂ ಅಲ್ಲಾಡಿಸುವುದು. ವ್ಯರ್ಥವಾದ ವ್ಯಾಟಿಗೆ ಹಣ ತೆರುವವನು ಕೊಂಡವನಾದರೂ ನೆಮ್ಮದಿ ತೆರುವವನು ನೆರೆಯವನು.

ಆದುದರಿಂದ ಕ್ರಮವು ಹೀಗಿರಲಿ: ಮೊದಲು ಕೊಠಡಿ, ಅನಂತರ ಸ್ಪೀಕರಿನ ಸಂವೇದನೆ ಮತ್ತು ಪ್ರತಿಬಂಧ, ಬಳಿಕ ಕೂರುವ ದೂರ, ಆಮೇಲೆ ಪ್ರೀ-ಔಟ್ ಉಳ್ಳ ಸಾಧಾರಣ ರಿಸೀವರು, ಲೆಕ್ಕವು ಕೇಳಿದರೆ ಮಾತ್ರ ಬಾಹ್ಯ ವರ್ಧಕ. ಅಧ್ಯಾಪಕರು ಲಘುಗಣಕ, ಓಮನ ನಿಯಮ, ವಿಲೋಮವರ್ಗ ನಿಯಮ ಮತ್ತು ಅನುರಣನಗಳನ್ನು ಬೋಧಿಸುವಾಗ ವಿದ್ಯಾರ್ಥಿಗಳಿಂದ ಅವರವರ ಪಡಸಾಲೆಯನ್ನೇ ಅಳೆಯಿಸಿ ಈ ಲೆಕ್ಕವನ್ನು ಮಾಡಿಸಬಹುದು. ಒಂದು ಅಳತೆಪಟ್ಟಿ ಮತ್ತು ಒಂದು ಹಾಳೆ ಕಾಗದ ಅದಕ್ಕೆ ಸಾಕು.