ಹಳೆ ಕಂಪ್ಯೂಟರ್ ಆಟಕ್ಕೆ ಹೊಸ ಬೆಲೆ ಎಷ್ಟು?

ಹಳೆ ಅಡಿಕೆಗೆ ಹೊಸ ಅಡಿಕೆಗಿಂತ ಸಾಮಾನ್ಯವಾಗಿ ಮೇಲಿನ ದರ. ಕಾಸರಗೋಡು, ಮಂಗಳೂರು ಕಡೆಯ ಕೃಷಿಕರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಕಂಪ್ಯೂಟರ್ ಆಟದ ಕಥೆ ಬೇರೆ. ಬಿಡುಗಡೆಯಾದ ವಾರ ಪೂರ್ತಿ ಬೆಲೆ, ವರ್ಷ ಕಳೆದರೆ ಅರ್ಧ ಬೆಲೆ, ಹತ್ತು ವರ್ಷ ಕಳೆದರೆ ಕೇಳುವವರೇ ಇಲ್ಲ. ಅಷ್ಟು ಹೊತ್ತಿಗೆ ಆಟ ಹೊಸ ಕಂಪ್ಯೂಟರಿನಲ್ಲಿ ಓಡುವುದನ್ನೂ ನಿಲ್ಲಿಸಿರುತ್ತದೆ.

ದೊಡ್ಡ ಕಂಪೆನಿಗಳಿಗೆ ಇದು ದೊಡ್ಡ ತಲೆನೋವಲ್ಲ. ಹಳತು ಹೋದರೆ ಹೊಸತು ಬರುತ್ತದೆ. ಆದರೆ ಒಬ್ಬರೋ ಇಬ್ಬರೋ ಸೇರಿ ಸ್ವಂತವಾಗಿ ಆಟ ತಯಾರಿಸಿ ಮಾರುವ 'ಇಂಡೀ' ತಯಾರಕರಿಗೆ ಹಳೆ ಆಟವೇ ಆಸ್ತಿ. ಮುಂದಿನ ಆಟ ಸಿದ್ಧವಾಗುವ ತನಕ ಮನೆ ನಡೆಯುವುದು ಹಳೆಯದರಿಂದಲೇ. ಹಾಗಾಗಿ ಅದನ್ನು ಮತ್ತೆ ಹೇಗೆ ಬಿಡುಗಡೆ ಮಾಡಬೇಕು, ಎಷ್ಟಕ್ಕೆ ಮಾರಬೇಕು ಎಂಬುದು ಅವರ ಮಟ್ಟಿಗೆ ಹೊಟ್ಟೆಪಾಡಿನ ಪ್ರಶ್ನೆ.

ಒಂದೇ ಕಥೆ, ಮೂರು ಸಲ ಮಾರಾಟ

ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ಸಿಯಾಟಲ್ ನಗರದ ಜೆಫ್ ವೋಗೆಲ್. ಗಣಿತದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿದ್ದ ಅವರು ಅದನ್ನು ಬಿಟ್ಟು 1994ರಲ್ಲಿ ಸ್ಪೈಡರ್‌ವೆಬ್ ಸಾಫ್ಟ್‌ವೇರ್ ಎಂಬ ಪುಟ್ಟ ಕಂಪೆನಿ ಶುರು ಮಾಡಿದರು. 1995ರಲ್ಲಿ ಬಂದ ಮೊದಲ ಆಟದ ಹೆಸರು 'ಎಕ್ಸೈಲ್: ಎಸ್ಕೇಪ್ ಫ್ರಂ ದ ಪಿಟ್'. ನೆಲದಡಿಯ ಗುಹೆಗಳಿಗೆ ಗಡಿಪಾರಾದವರ ಕಥೆ ಅದು. ಚಿತ್ರಗಳು ಸಾಧಾರಣ, ಆದರೆ ಕಥೆ ದೊಡ್ಡದು. ಆಟದ ಒಂದು ಭಾಗವನ್ನು ಉಚಿತವಾಗಿ ಹಂಚುವುದು, ಇಷ್ಟವಾದವರು ಹಣ ಕೊಟ್ಟು ಉಳಿದ ಭಾಗ ತೆರೆಸಿಕೊಳ್ಳುವುದು ಆಗಿನ ಪದ್ಧತಿ. ಇದಕ್ಕೆ 'ಶೇರ್‌ವೇರ್' ಎಂದು ಹೆಸರು.

ಅದೇ ಕಥೆ 2000ದಲ್ಲಿ 'ಅವೆರ್ನಮ್' ಎಂಬ ಹೆಸರಿನಲ್ಲಿ, ಹೊಸ ಚಿತ್ರಗಳೊಂದಿಗೆ ಮರಳಿ ಬಂತು. 2011ರಲ್ಲಿ ಮೂರನೇ ಬಾರಿ, 'ಅವೆರ್ನಮ್: ಎಸ್ಕೇಪ್ ಫ್ರಂ ದ ಪಿಟ್' ಎಂದು ಬಂತು. ಅವರ ಇನ್ನೊಂದು ಸರಣಿ 'ಜೀನ್‌ಫೋರ್ಜ್'. ಅದರ ಮೊದಲ ಭಾಗ 2021ರಲ್ಲಿ, ಎರಡನೇ ಭಾಗ 2024ರಲ್ಲಿ ಹೊಸ ರೂಪ ಪಡೆದವು. ಮೂವತ್ತು ವರ್ಷದಿಂದ ಒಂದು ಮನೆಯ ಸಂಸಾರ ನಡೆದಿರುವುದು ಹೀಗೆ ಹಳೆಯದನ್ನು ಆಗಾಗ ಹೊಸದು ಮಾಡಿ, ನಡುನಡುವೆ ನಿಜವಾಗಿಯೂ ಹೊಸದನ್ನು ಕೊಟ್ಟು.

ಹಳೆ ಆಟ ಯಾಕೆ ಓಡುವುದಿಲ್ಲ?

ಪುಸ್ತಕ ನೂರು ವರ್ಷ ಹಳತಾದರೂ ಓದಬಹುದು. ಆಟ ಹಾಗಲ್ಲ, ಅದು ಕಂಪ್ಯೂಟರಿನ ಮೇಲೆ ಆತುಕೊಂಡಿರುತ್ತದೆ. ವಿಂಡೋಸ್‌ನ 64 ಬಿಟ್ ಆವೃತ್ತಿಗಳಲ್ಲಿ ಹಳೆಯ 16 ಬಿಟ್ ತಂತ್ರಾಂಶ ಓಡುವುದಿಲ್ಲ. ಆಪಲ್ ಕಂಪೆನಿಯ ಮ್ಯಾಕ್‌ಗಳಲ್ಲಂತೂ ತೊಂದರೆ ಇನ್ನೂ ಹೆಚ್ಚು. 2006ರಲ್ಲಿ ಅವು ಇಂಟೆಲ್ ಚಿಪ್‌ಗೆ ಬದಲಾದವು. ಹಿಂದಿನ ಚಿಪ್‌ನ ತಂತ್ರಾಂಶಗಳನ್ನು ಓಡಿಸುತ್ತಿದ್ದ ವ್ಯವಸ್ಥೆ 2011ರಲ್ಲಿ ಹೋಯಿತು. 2019ರ ಆವೃತ್ತಿಯಲ್ಲಿ 32 ಬಿಟ್ ತಂತ್ರಾಂಶಗಳೆಲ್ಲ ನಿಂತವು. 2020ರಲ್ಲಿ ಆಪಲ್ ತನ್ನದೇ ಹೊಸ ಚಿಪ್ ತಂದಿತು.

ಪ್ರತಿ ಸಲವೂ ಹಳೆ ಆಟದ ತಯಾರಕ ಕೂತು ದುರಸ್ತಿ ಮಾಡಬೇಕು, ಇಲ್ಲವೇ ಅಂಗಡಿಯಿಂದ ಅದನ್ನು ತೆಗೆಯಬೇಕು. ಆದ್ದರಿಂದ ಹಳೆ ಆಟ ಮಾರುವುದಕ್ಕೆ ಖರ್ಚಿಲ್ಲ ಎಂಬುದು ತಪ್ಪು ತಿಳಿವಳಿಕೆ.

ಮುಂದಿರುವ ದಾರಿಗಳು

ತಯಾರಕರ ಮುಂದೆ ಮುಖ್ಯವಾಗಿ ನಾಲ್ಕು ದಾರಿಗಳಿವೆ.

ಒಂದು: ಇದ್ದ ಹಾಗೆಯೇ, ಓಡುವಷ್ಟು ದುರಸ್ತಿ ಮಾಡಿ ಕಡಿಮೆ ಬೆಲೆಗೆ ಮಾರುವುದು. 2008ರಲ್ಲಿ 'ಗುಡ್ ಓಲ್ಡ್ ಗೇಮ್ಸ್' ಎಂಬ ಹೆಸರಿನಲ್ಲಿ ಹುಟ್ಟಿದ ಗಾಗ್ ಅಂಗಡಿ ಈ ವ್ಯಾಪಾರವನ್ನೇ ನೆಚ್ಚಿಕೊಂಡಿತ್ತು. ಆರಂಭದಲ್ಲಿ ಅಲ್ಲಿದ್ದ ದರ ಎರಡೇ, 5.99 ಡಾಲರ್ ಮತ್ತು 9.99 ಡಾಲರ್.

ಎರಡು: ಹಲವು ಹಳೆ ಆಟಗಳನ್ನು ಒಂದೇ ಕಟ್ಟು ಮಾಡಿ ಮಾರುವುದು. ಸರಣಿ ಆಟಗಳಿಗೆ ಇದು ಚೆನ್ನಾಗಿ ಹೊಂದುತ್ತದೆ.

ಮೂರು: ಪೂರ್ತಿ ಹೊಸದಾಗಿ ಕಟ್ಟಿ ಹೊಸ ಆಟದ ಬೆಲೆ ಕೇಳುವುದು. ಇದಕ್ಕೆ ಒಂದೆರಡು ವರ್ಷದ ದುಡಿಮೆ ಬೇಕು.

ನಾಲ್ಕು: ಉಚಿತವಾಗಿ ಬಿಟ್ಟುಕೊಡುವುದು, ಸಾಧ್ಯವಾದರೆ ಮೂಲ ಸಂಕೇತವನ್ನೂ ತೆರೆದಿಡುವುದು. ವೋಗೆಲ್ 1997ರ 'ಬ್ಲೇಡ್ಸ್ ಆಫ್ ಎಕ್ಸೈಲ್' ಆಟಕ್ಕೆ 2007ರಲ್ಲಿ ಇದನ್ನೇ ಮಾಡಿದರು. ಇದರಿಂದ ಹಣ ಬರುವುದಿಲ್ಲ. ಆದರೆ ಅಭಿಮಾನಿಗಳೇ ಆಟವನ್ನು ದುರಸ್ತಿ ಮಾಡಿ ಜೀವಂತವಾಗಿ ಇಟ್ಟುಕೊಳ್ಳುತ್ತಾರೆ.

28ರಿಂದ 10, ಮತ್ತೆ 20

ಇನ್ನು ಬೆಲೆಯ ವಿಚಾರ. ಸ್ಪೈಡರ್‌ವೆಬ್ ಆಟಗಳ ಬೆಲೆ ಬಹುಕಾಲ 25ರಿಂದ 28 ಡಾಲರ್ ಆಸುಪಾಸಿನಲ್ಲಿತ್ತು. ಸರಳ ಚಿತ್ರಗಳ ಆಟಕ್ಕೆ ಇಷ್ಟೊಂದು ಏಕೆ ಎಂದು ಕೇಳಿದವರಿಗೆ ವೋಗೆಲ್ 2009ರಲ್ಲಿ ಉತ್ತರ ಕೊಟ್ಟಿದ್ದರು. ತಮ್ಮಂಥ ಆಟ ಬಯಸುವವರು ಕಡಿಮೆ, ಆದರೆ ಬಯಸುವವರಿಗೆ ಅದು ಬೇರೆಲ್ಲೂ ಸಿಗುವುದಿಲ್ಲ. ಕೊಳ್ಳುವವರು ಕೆಲವೇ ಮಂದಿ ಎಂದಾದರೆ ಬದುಕಬೇಕಾದಷ್ಟು ಹಣ ಅವರಿಂದಲೇ ಬರಬೇಕು ಎಂಬುದು ಅವರ ವಾದದ ತಿರುಳು.

ಎರಡೇ ವರ್ಷದಲ್ಲಿ ಕಾಲ ಬದಲಾಯಿತು. ಸ್ಟೀಮ್ ಎಂಬ ಅಂತರ್ಜಾಲ ಅಂಗಡಿ ಮತ್ತು ಐಪ್ಯಾಡ್ ಮೂಲಕ ಅವರ ಆಟ ಹಿಂದೆಂದೂ ಕಾಣದಷ್ಟು ಜನರ ಕಣ್ಣಿಗೆ ಬೀಳತೊಡಗಿತು. ಅಲ್ಲಿನ ಗಿರಾಕಿಗಳಿಗೆ ಇಂಡೀ ಆಟಕ್ಕೆ 28 ಡಾಲರ್ ಕೊಟ್ಟು ಅಭ್ಯಾಸವಿರಲಿಲ್ಲ. 2011ರಲ್ಲಿ 'ಆವಡಾನ್' ಸ್ಟೀಮ್‌ಗೆ ಬಂದಾಗ ಬೆಲೆ ಸುಮಾರು 10 ಡಾಲರ್. ಜನ ಹೆಚ್ಚಿದ್ದರಿಂದ ಕಡಿಮೆ ಬೆಲೆಯೂ ಲಾಭವಾಯಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಮುಂದಿನ ವರ್ಷಗಳಲ್ಲಿ ಅದೇ ಅಂಗಡಿಗೆ ದಿನಕ್ಕೆ ಹತ್ತಾರು ಆಟಗಳು ಬರತೊಡಗಿದವು. 2017ರಿಂದ ಆಟವೊಂದಕ್ಕೆ 100 ಡಾಲರ್ ಶುಲ್ಕ ಕಟ್ಟಿ ಯಾರು ಬೇಕಾದರೂ ಸ್ಟೀಮ್‌ನಲ್ಲಿ ಆಟ ಇಡಬಹುದು ಎಂದಾಯಿತು. ಗುಂಪಿನಲ್ಲಿ ಆಟ ಕಾಣಿಸುವುದೇ ಕಷ್ಟವಾದಾಗ ಅಗ್ಗದ ಬೆಲೆಯ ಅರ್ಥ ಹೋಯಿತು. ಹುಡುಕಿಕೊಂಡು ಬರುವವರು ಮತ್ತೆ ಅದೇ ಹಳೆ ಅಭಿಮಾನಿಗಳು. 2021ರಲ್ಲಿ ಜೀನ್‌ಫೋರ್ಜ್ ಹೊಸ ರೂಪದಲ್ಲಿ ಬಂದಾಗ ಬೆಲೆ ಸುಮಾರು 20 ಡಾಲರ್ ಆಗಿತ್ತು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಬೆಲೆ ನಿರ್ಧಾರವಾದದ್ದು ಆಟದ ವಯಸ್ಸಿನಿಂದಲ್ಲ. ಎಷ್ಟು ಜನರಿಗೆ ಅದು ತಲುಪುತ್ತದೆ, ಅವರಲ್ಲಿ ಎಷ್ಟು ಜನರಿಗೆ ಅದೇ ಬೇಕು ಎಂಬುದರಿಂದ.

ಇಷ್ಟ ಬಂದಷ್ಟು ಕೊಡಿ ಎಂದರೆ?

2009ರ ಅಕ್ಟೋಬರಿನಲ್ಲಿ 'ವರ್ಲ್ಡ್ ಆಫ್ ಗೂ' ಆಟಕ್ಕೆ ಒಂದು ವರ್ಷ ತುಂಬಿತು. ಅದನ್ನು ತಯಾರಿಸಿದ 2ಡಿ ಬಾಯ್ ತಂಡ 20 ಡಾಲರ್ ಬೆಲೆಯ ಆ ಆಟವನ್ನು ಗಿರಾಕಿ ಹೇಳಿದ ಬೆಲೆಗೆ ಕೊಟ್ಟಿತು. ಒಂದೇ ವಾರದಲ್ಲಿ ಸುಮಾರು 57,000 ಮಂದಿ ಕೊಂಡರು. ಸರಾಸರಿ ಸಿಕ್ಕಿದ್ದು 2 ಡಾಲರ್ ಆಸುಪಾಸು. ಒಂದು ಸೆಂಟ್ ಕೊಟ್ಟವರೂ ಬಹಳ ಮಂದಿ. ಸೋಜಿಗವೆಂದರೆ ಅದೇ ವಾರ ಸ್ಟೀಮ್‌ನಲ್ಲಿ ಈ ಆಟದ ಮಾರಾಟ ಹಿಂದಿನ ವಾರಕ್ಕಿಂತ ಶೇ. 40ರಷ್ಟು ಏರಿತು. ಸುದ್ದಿಯಾದದ್ದೇ ಜಾಹೀರಾತಾಯಿತು.

2010ರ ಮೇ ತಿಂಗಳಲ್ಲಿ ಬಂದ 'ಹಂಬಲ್ ಇಂಡೀ ಬಂಡಲ್' ಇದನ್ನೇ ಮುಂದುವರಿಸಿತು. ಕೆಲವು ಇಂಡೀ ಆಟಗಳ ಕಟ್ಟು, ಬೆಲೆ ಗಿರಾಕಿಗೆ ಬಿಟ್ಟದ್ದು, ಒಂದು ಪಾಲು ದಾನಕ್ಕೆ. ಅದರಲ್ಲಿದ್ದ 'ಗಿಶ್' 2004ರ ಆಟ, 'ಲುಗಾರು' 2005ರದು. 1.38 ಲಕ್ಷಕ್ಕೂ ಹೆಚ್ಚು ಮಂದಿ ಸರಾಸರಿ 9 ಡಾಲರ್‌ನಂತೆ ಕೊಟ್ಟು ಒಟ್ಟು 12 ಲಕ್ಷ ಡಾಲರ್ ದಾಟಿತು. ಮೊತ್ತ 10 ಲಕ್ಷ ದಾಟಿದಾಗ ನಾಲ್ಕು ಆಟಗಳ ತಯಾರಕರು ಮೂಲ ಸಂಕೇತ ತೆರೆದಿಡಲು ಮುಂದಾದರು. ಕೊಟ್ಟ ಹಣ ತಯಾರಕನಿಗೂ ದಾನಕ್ಕೂ ಹೋಗುತ್ತದೆ ಎಂದು ಗೊತ್ತಾದರೆ ಜನ ಕೈಬಿಚ್ಚುತ್ತಾರೆ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಇಂಥದ್ದು ಮೊದಲ ಸಲ ಸುದ್ದಿ, ಹತ್ತನೇ ಸಲ ಮಾಮೂಲಿ.

ಉಚಿತ ಆಟಕ್ಕೆ 30 ಡಾಲರ್!

ಅಚ್ಚರಿಯ ಉದಾಹರಣೆ 'ಡ್ವಾರ್ಫ್ ಫೋರ್ಟ್ರೆಸ್'. ಅಮೆರಿಕದ ಟಾರ್ನ್ ಆಡಮ್ಸ್ ಮತ್ತು ಜ್ಯಾಕ್ ಆಡಮ್ಸ್ ಸಹೋದರರು 2006ರಲ್ಲಿ ಬಿಡುಗಡೆ ಮಾಡಿದ ಈ ಆಟ ಪೂರ್ತಿ ಉಚಿತ. ಪರದೆಯ ಮೇಲೆ ಚಿತ್ರವಿಲ್ಲ, ಬರೀ ಅಕ್ಷರ ಮತ್ತು ಚಿಹ್ನೆಗಳು. ಅಭಿಮಾನಿಗಳು ಕೊಡುವ ಕಾಣಿಕೆಯಲ್ಲೇ ಇಬ್ಬರ ಜೀವನ ಸಾಗುತ್ತಿತ್ತು. 2019ರಲ್ಲಿ ಸಹೋದರರು ಆಟವನ್ನು ಸ್ಟೀಮ್‌ನಲ್ಲಿ ಮಾರುವ ನಿರ್ಧಾರ ಪ್ರಕಟಿಸಿದರು. ಕುಟುಂಬದ ವೈದ್ಯಕೀಯ ಖರ್ಚಿನ ಚಿಂತೆ ಇದಕ್ಕೆ ಕಾರಣ ಎಂಬುದನ್ನು ಮುಚ್ಚಿಡಲಿಲ್ಲ.

2022ರ ಡಿಸೆಂಬರ್ 6ರಂದು, ಚಿತ್ರ, ಸಂಗೀತ ಮತ್ತು ಮೌಸ್ ಬಳಕೆಯ ಅನುಕೂಲದೊಂದಿಗೆ ಆಟ ಬಂತು. ಬೆಲೆ 29.99 ಡಾಲರ್. ಹಳೆಯ ಅಕ್ಷರ ರೂಪ ಉಚಿತವಾಗಿಯೇ ಉಳಿಯಿತು. ತಿಂಗಳೊಳಗೆ ಸುಮಾರು 5 ಲಕ್ಷ ಪ್ರತಿ ಹೋದವು. 2023ರ ಜನವರಿ ಲೆಕ್ಕದಲ್ಲಿ ಸಹೋದರರಿಗೆ ಬಂದ ಆದಾಯ 72 ಲಕ್ಷ ಡಾಲರ್. ಉಚಿತವಾಗಿ ಸಿಗುವುದನ್ನು ಹಣ ಕೊಟ್ಟು ಕೊಂಡವರಲ್ಲಿ ವರ್ಷಗಟ್ಟಲೆ ಆಡಿ ಋಣ ತೀರಿಸಲು ಬಂದವರೂ ಇದ್ದರು. ಕಡಿಮೆ ಬೆಲೆ ಹಾಕಿದ್ದರೆ ಆ ಋಣವೂ ಅಗ್ಗವಾಗುತ್ತಿತ್ತು.

ಎಡವಿದ್ದೂ ಉಂಟು

ಎಲ್ಲರಿಗೂ ಹೀಗಾಗುವುದಿಲ್ಲ. ಜೊನಾಥನ್ ಬ್ಲೋ ಅವರ 'ಬ್ರೇಡ್' 2008ರಲ್ಲಿ ಇಂಡೀ ಆಟಗಳಿಗೇ ಹೆಸರು ತಂದಿತ್ತು. 2024ರ ಮೇ ತಿಂಗಳಲ್ಲಿ ಅದರ ವಾರ್ಷಿಕೋತ್ಸವ ಆವೃತ್ತಿ ಬಂತು. ಚಿತ್ರಗಳನ್ನು ಹೊಸದಾಗಿ ಬರೆಸಿದ್ದರು, ಆಟ ತಯಾರಾದ ಬಗೆಯ ಕುರಿತು ಗಂಟೆಗಟ್ಟಲೆ ವಿವರಣೆ ಸೇರಿಸಿದ್ದರು. ಆದರೂ ಮಾರಾಟ ತೀರಾ ಕಳಪೆ ಎಂದು ಬ್ಲೋ ಅವರೇ ಹೇಳಿಕೊಂಡರು. ಹಳೆಯ ಬ್ರೇಡ್ ವರ್ಷಗಳಿಂದ ಅಗ್ಗವಾಗಿ ಸಿಗುತ್ತಿತ್ತು, ಇನ್ನೂ ಚೆನ್ನಾಗಿ ಓಡುತ್ತಿತ್ತು. ಮನೆಯಲ್ಲಿ ಇರುವುದನ್ನೇ ಮತ್ತೆ ಕೊಳ್ಳಲು ಗಟ್ಟಿ ಕಾರಣ ಬೇಕು.

ಬೆಲೆ ಕಟ್ಟುವ ಲೆಕ್ಕ

20 ಡಾಲರ್ ಆಟ ಸ್ಟೀಮ್‌ನಲ್ಲಿ ಮಾರಾಟವಾದರೆ ಅಂಗಡಿಯ ಪಾಲು ಶೇ. 30. ತಯಾರಕನಿಗೆ ತೆರಿಗೆಗೆ ಮುಂಚೆ ಉಳಿಯುವುದು 14 ಡಾಲರ್. ಅದೇ ಆಟಕ್ಕೆ 5 ಡಾಲರ್ ಇಟ್ಟರೆ ಉಳಿಯುವುದು ಮೂರೂವರೆ. ಅಂದರೆ ನಾಲ್ಕು ಪಟ್ಟು ಗಿರಾಕಿಗಳು ಬೇಕು. ಆಟ ಓಡುತ್ತಿಲ್ಲ ಎಂದು ದೂರು ಬರೆಯುವವರೂ ನಾಲ್ಕು ಪಟ್ಟು. 5 ಡಾಲರ್ ಕೊಟ್ಟವರ ದೂರಿಗೂ 20 ಕೊಟ್ಟವರ ದೂರಿಗೂ ಉತ್ತರಿಸಲು ಹಿಡಿಯುವ ಸಮಯ ಒಂದೇ.

ಹಾಗಾಗಿ ಅನುಭವಿಗಳು ಮೂಲ ಬೆಲೆಯನ್ನು ಗಟ್ಟಿಯಾಗಿಟ್ಟು, ವರ್ಷಕ್ಕೆ ಕೆಲವು ಸಲ ರಿಯಾಯಿತಿ ಕೊಡುತ್ತಾರೆ. ಬೇಕು ಎಂದು ಪಟ್ಟಿ ಮಾಡಿಟ್ಟುಕೊಂಡವರಿಗೆ ಶೇ. 20 ಅಥವಾ ಹೆಚ್ಚಿನ ರಿಯಾಯಿತಿ ಬಂದಾಗ ಸ್ಟೀಮ್ ತಾನಾಗಿ ಪತ್ರ ಕಳಿಸುತ್ತದೆ. ಅವಸರವಿದ್ದವರು ಪೂರ್ತಿ ಬೆಲೆ ಕೊಡುತ್ತಾರೆ, ಇಲ್ಲದವರು ಕಾಯುತ್ತಾರೆ. ಎರಡೂ ಕಡೆಯವರಿಗೆ ಅನ್ಯಾಯವಿಲ್ಲ. ಡಾಲರ್ ಬೆಲೆಯನ್ನೇ ಲೋಕಕ್ಕೆಲ್ಲ ಹೇರಬೇಕೆಂದೂ ಇಲ್ಲ. ಭಾರತದಲ್ಲಿ ಸ್ಟೀಮ್ ರೂಪಾಯಿಯಲ್ಲೇ ಮಾರುತ್ತದೆ. ಇಲ್ಲಿನ ಬೆಲೆಯನ್ನು ಅಮೆರಿಕಕ್ಕಿಂತ ಕಡಿಮೆ ಇಡಲು ತಯಾರಕನಿಗೆ ಅವಕಾಶವಿದೆ.

ಹಳೆ ಗಿರಾಕಿಯನ್ನೂ ಮರೆಯಬಾರದು. ಸಣ್ಣ ದುರಸ್ತಿಯಾದರೆ ಮೊದಲು ಕೊಂಡವರಿಗೆ ಉಚಿತವಾಗಿ ಕೊಡುವುದು ಮರ್ಯಾದೆ. ಹೊಸದಾಗಿ ಕಟ್ಟಿದ್ದಾದರೆ ಹೊಸ ಬೆಲೆ ಕೇಳಬಹುದು, ಆದರೆ ಹೊಸತೇನಿದೆ ಎಂದು ಮೊದಲೇ ಬಿಡಿಸಿ ಹೇಳಬೇಕು. ಹಳೆ ಆವೃತ್ತಿಯನ್ನು ಸದ್ದಿಲ್ಲದೆ ಅಂಗಡಿಯಿಂದ ತೆಗೆದರೆ ಸಿಟ್ಟು ಬರುವುದು ಖಂಡಿತ.

ಬೆಲೆ ಇಳಿಸುವುದಕ್ಕೆ ಒಂದು ಕ್ಷಣ ಸಾಕು. ಒಮ್ಮೆ 2 ಡಾಲರಿಗೆ ಸಿಕ್ಕಿದ್ದಕ್ಕೆ ಮತ್ತೆ 20 ಕೊಡಿಸಬೇಕಾದರೆ ಆಟವನ್ನೇ ಹೊಸದಾಗಿ ಕಟ್ಟಬೇಕು. ತಾಳಿದವನು ಬಾಳಿಯಾನು ಎಂಬ ಗಾದೆ ಈ ವ್ಯಾಪಾರಕ್ಕೂ ಸಲ್ಲುತ್ತದೆ. ಒಂದೇ ವಾರ ಲಕ್ಷ ಪ್ರತಿ ಹೋಗುವುದಕ್ಕಿಂತ, ಹತ್ತು ವರ್ಷ ದಿನಕ್ಕೆ ನಾಲ್ಕೈದು ಪ್ರತಿ ತಕ್ಕ ಬೆಲೆಗೆ ಹೋಗುತ್ತಿದ್ದರೆ ಒಬ್ಬಂಟಿ ತಯಾರಕ ಮುಂದಿನ ಆಟಕ್ಕೆ ಧೈರ್ಯದಿಂದ ಕೂರುತ್ತಾನೆ.