ಅಗ್ಗದ ಚೀನೀ ಶಾಯಿ ಪೆನ್ನುಗಳು: ತುಂಬುವ ಕ್ರಮ ಮತ್ತು ಮಾರಾಟಗಾರರ ಹೊಣೆ

ಬಾಲ್ ಪಾಯಿಂಟ್ ಮತ್ತು ಜೆಲ್ ಪೆನ್ನುಗಳ ಭರಾಟೆಯಲ್ಲಿ ಮೂಲೆಗೆ ಸರಿದಿದ್ದ ಶಾಯಿ ಪೆನ್ನು ಲೇಖನ ಸಾಮಗ್ರಿ ಅಂಗಡಿಗಳ ಗಾಜಿನ ಪೆಟ್ಟಿಗೆಗೆ ಮರಳಿ ಬಂದಿದೆ. ಹೀಗೆ ಬಂದವುಗಳಲ್ಲಿ ಚೀನಾ ದೇಶದ ಅಗ್ಗದ ಪೆನ್ನುಗಳ ಪಾಲು ದೊಡ್ಡದು. ನೋಟಕ್ಕೆ ಭಾರಿ ಬೆಲೆಯ ಪೆನ್ನಿನಂತೆ ಕಾಣುವ, ಆದರೆ ಅದರ ಅಲ್ಪಾಂಶದ ಬೆಲೆಗೆ ದೊರೆಯುವ ಈ ಸರಕು ಬೇಗ ಖರ್ಚಾಗುತ್ತದೆ. ಆದರೆ ಬೇಗ ಹಿಂದಿರುಗಿ ಬರುವ ಸರಕೂ ಇದೇ. "ಸೋರುತ್ತದೆ", "ಬರೆಯುವುದಿಲ್ಲ", "ಎರಡು ಪುಟಕ್ಕೇ ಶಾಯಿ ಮುಗಿಯುತ್ತದೆ" ಎಂಬ ಮೂರು ದೂರುಗಳನ್ನು ಕೇಳದ ವರ್ತಕರು ವಿರಳ.

ಇದರ ಲೆಕ್ಕ ಸರಳವಾಗಿದೆ. 80 ರೂಪಾಯಿಗೆ ಕೊಂಡ ಪೆನ್ನನ್ನು 100 ರೂಪಾಯಿಗೆ ಮಾರುವ ಅಂಗಡಿಯಲ್ಲಿ ಹತ್ತು ಪೆನ್ನುಗಳ ಪೈಕಿ ಎರಡಕ್ಕೆ ಹಣ ಹಿಂದಿರುಗಿಸಬೇಕಾಗಿ ಬಂದರೆ ಕೈಯಲ್ಲಿ ಉಳಿಯುವುದು 800 ರೂಪಾಯಿ. ಹೂಡಿದ್ದೂ 800 ರೂಪಾಯಿ. ಉಳಿದ ಎಂಟು ಪೆನ್ನುಗಳ ವ್ಯಾಪಾರ ಬಿಟ್ಟಿ ದುಡಿಮೆಯಾಗುತ್ತದೆ. ಸಗಟು ವರ್ತಕರು ಇಷ್ಟು ಕಡಿಮೆ ಬೆಲೆಯ ಸರಕನ್ನು ವಾಪಸು ಪಡೆಯುವುದು ಅಪರೂಪ. ಹೀಗೆ ಮರಳಿ ಬರುವ ಪೆನ್ನುಗಳಲ್ಲಿ ಹಲವು ಕೆಟ್ಟಿರುವುದೇ ಇಲ್ಲ ಎಂಬುದು ಗಮನಿಸಬೇಕಾದ ಅಂಶ. ಅವುಗಳಿಗೆ ಶಾಯಿ ತುಂಬಿದ ಕ್ರಮ ತಪ್ಪಾಗಿರುತ್ತದೆ, ಇಲ್ಲವೇ ತುಂಬಿದ ಶಾಯಿಯೇ ತಪ್ಪಾಗಿರುತ್ತದೆ.

ಚೀನಾದ ಪೆನ್ನು ಉದ್ಯಮ ನಿನ್ನೆ ಮೊನ್ನೆಯದಲ್ಲ. ಇಂದು 'ಹೀರೋ' ಎಂದು ಹೆಸರಾಗಿರುವ ಕಾರ್ಖಾನೆ ಶಾಂಘೈ ನಗರದಲ್ಲಿ 1931ರಲ್ಲಿ ಬೇರೊಂದು ಹೆಸರಿನಿಂದ ಆರಂಭವಾಯಿತು. 'ವಿಂಗ್ ಸುಂಗ್' ಕೂಡ ಶಾಂಘೈ ಮೂಲದ ಹಳೆಯ ಹೆಸರೇ. 'ಜಿನ್‌ಹಾವೊ' ಇವುಗಳಿಗಿಂತ ಈಚಿನದು. ಭಾರತವು 2001ರ ಏಪ್ರಿಲ್ 1ರಂದು ಉಳಿದಿದ್ದ ಆಮದು ಪರಿಮಾಣ ನಿರ್ಬಂಧಗಳನ್ನು ತೆಗೆದುಹಾಕಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವಾಣಿಜ್ಯ ಸಂಸ್ಥೆಯ ಸದಸ್ಯ ರಾಷ್ಟ್ರವಾಯಿತು. ಅದಕ್ಕೆ ಮೊದಲೇ ಹೀರೋ ಪೆನ್ನು ನಮ್ಮ ಹೈಸ್ಕೂಲು ಹುಡುಗರ ಜೇಬಿನಲ್ಲಿ ಮೆರೆದಿತ್ತೆಂಬುದು ಬೇರೆ ಮಾತು.

ಶಾಯಿ ತುಂಬುವ ಬಗೆ

ಈ ಪೆನ್ನುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡು ಏರ್ಪಾಡುಗಳು. ಮೊದಲನೆಯದು ಒತ್ತು ಪಟ್ಟಿಯದು. ಹೀರೋ 616 ಇದಕ್ಕೆ ಉದಾಹರಣೆ. ಪಾರ್ಕರ್ ಕಂಪೆನಿ 1941ರಲ್ಲಿ ಮಾರುಕಟ್ಟೆಗೆ ತಂದ '51' ಪೆನ್ನಿನ ರೂಪವನ್ನು ಹೋಲುವ ಇದರಲ್ಲಿ ನಿಬ್ಬು ಬಹುಮಟ್ಟಿಗೆ ಮರೆಯಾಗಿರುತ್ತದೆ. ಒಳಗೊಂದು ಮೆತುವಾದ ಚೀಲ, ಅದರ ಸುತ್ತ ಲೋಹದ ಕವಚ, ಕವಚದಲ್ಲಿ ಒತ್ತುವ ಪಟ್ಟಿ ಇವೆ. ಚೀಲದೊಳಗೆ ತುದಿಯವರೆಗೂ ಸಾಗಿರುವ ಸಣ್ಣದೊಂದು ಕೊಳವೆಯೇ ಇದರ ಜೀವಾಳ. ನಿಬ್ಬನ್ನು ಶಾಯಿಯಲ್ಲಿ ಅದ್ದಿ ಪಟ್ಟಿಯನ್ನು ಒತ್ತಿದಾಗ ಚೀಲದ ಮೇಲ್ಭಾಗದಲ್ಲಿರುವ ಗಾಳಿ ಈ ಕೊಳವೆಯ ಮೂಲಕ ಹೊರಹೋಗುತ್ತದೆ. ಬಿಟ್ಟಾಗ ಆ ಜಾಗಕ್ಕೆ ಶಾಯಿ ಏರುತ್ತದೆ. ಮತ್ತೆ ಒತ್ತಿದರೆ ಮುಖ್ಯವಾಗಿ ಹೊರಬೀಳುವುದು ಮೇಲುಳಿದ ಗಾಳಿಯೇ ಹೊರತು ತಳದ ಶಾಯಿಯಲ್ಲ. ಆದುದರಿಂದ ಪ್ರತಿ ಒತ್ತಿಗೂ ಶಾಯಿಯ ಮಟ್ಟ ಏರುತ್ತಲೇ ಹೋಗುತ್ತದೆ.

ಬಹುಮಂದಿ ಒಮ್ಮೆ ಒತ್ತಿ, ಒಡನೆಯೇ ಪೆನ್ನನ್ನು ಮೇಲೆತ್ತುತ್ತಾರೆ. ಚೀಲ ಅರ್ಧವೂ ತುಂಬಿರುವುದಿಲ್ಲ. ಐದಾರು ಬಾರಿ ಒತ್ತಬೇಕು; ಪ್ರತಿ ಸಲ ಬಿಟ್ಟ ನಂತರ ಮೂರು ನಾಲ್ಕು ಸೆಕೆಂಡು ಕಾಯಬೇಕು; ಗುಳ್ಳೆ ಏಳುವುದು ನಿಂತ ಮೇಲೆಯೇ ಪೆನ್ನನ್ನು ಹೊರತೆಗೆಯಬೇಕು. ನಿಬ್ಬಿನ ತುದಿಯಷ್ಟೇ ಮುಳುಗಿದ್ದರೆ ಸಾಲದು, ಮುಸುಕಿನ ಕೆಳಭಾಗವೂ ಶಾಯಿಯೊಳಗಿರಬೇಕು. "ಎರಡು ಪುಟಕ್ಕೇ ಮುಗಿಯುತ್ತದೆ" ಎಂಬ ದೂರಿನ ಮೂಲ ಸಾಮಾನ್ಯವಾಗಿ ಇಲ್ಲಿದೆ. ಲೋಹದ ಕವಚವನ್ನು ಕಾರ್ಟ್ರಿಜ್ ಎಂದು ಬಗೆದು ಎಳೆದು ಕೀಳುವವರೂ ಇದ್ದಾರೆ. ಚೀಲ ಹರಿದ ಮೇಲೆ ಆ ಪೆನ್ನಿಗೆ ಉಪಾಯವಿಲ್ಲ.

ಎರಡನೆಯದು ಕನ್ವರ್ಟರ್. ಜಿನ್‌ಹಾವೊ ಎಕ್ಸ್450, ಎಕ್ಸ್750, 159 ಮೊದಲಾದವುಗಳಲ್ಲಿ ಇರುವುದು ಇದೇ. ತಿರುಪನ್ನು ತಿರುಗಿಸಿ ಒಳಗಿನ ಕೊಂತವನ್ನು ನಿಬ್ಬಿನ ಕಡೆಗೆ ಇಳಿಸಿ, ನಿಬ್ಬನ್ನು ಪೂರ್ತಿಯಾಗಿ ಹಿಡಿಯ ಅಂಚಿನವರೆಗೆ ಅದ್ದಿ, ತಿರುಪನ್ನು ಹಿಮ್ಮುಖವಾಗಿ ತಿರುಗಿಸಬೇಕು. ಮೊದಲ ಸಲ ನಾಲಿಗೆಯ ಸಂದುಗಳಲ್ಲಿದ್ದ ಗಾಳಿಯೂ ಸೇರಿಕೊಳ್ಳುವುದರಿಂದ ಇಳಿಸಿ ಏರಿಸುವ ಕೆಲಸವನ್ನು ಇನ್ನೊಮ್ಮೆ ಮಾಡಬೇಕಾಗುತ್ತದೆ. ಕಡೆಯಲ್ಲಿ ಎರಡು ಮೂರು ಹನಿಯನ್ನು ಶೀಶೆಗೇ ಮರಳಿಸಿ, ನಿಬ್ಬನ್ನು ಮೇಲ್ಮುಖವಾಗಿ ಹಿಡಿದು ಕೊಂತವನ್ನು ತುಸು ಹಿಂದೆಳೆದು ಒರೆಸಿದರೆ ನಾಲಿಗೆಯಲ್ಲಿ ಅತಿಯಾಗಿ ತುಂಬಿಕೊಂಡ ಶಾಯಿ ಒಳಗೆ ಸರಿಯುತ್ತದೆ. ಈ ಕೊನೆಯ ಹಂತವನ್ನು ಬಿಟ್ಟವರ ಕ್ಯಾಪಿನೊಳಗೆ ಶಾಯಿ ಕಾಣಿಸಿಕೊಳ್ಳುವುದು ಸಹಜ.

ಕಾರ್ಟ್ರಿಜ್ ಮಾರುವವರು ಅಳತೆಯನ್ನು ಗಮನಿಸಬೇಕು. ಚೀನೀ ಪೆನ್ನುಗಳಲ್ಲಿ 2.6 ಮಿಲಿಮೀಟರ್ ಮತ್ತು 3.4 ಮಿಲಿಮೀಟರ್ ಬಾಯಿಯ ಎರಡು ಬಗೆ ರೂಢಿಯಲ್ಲಿವೆ. ಜಿನ್‌ಹಾವೊ ಪೆನ್ನುಗಳಿಗೆ ಸಾಮಾನ್ಯವಾಗಿ ಮೊದಲನೆಯದು ಹೊಂದುತ್ತದೆ. ಒಂದರ ಜಾಗದಲ್ಲಿ ಮತ್ತೊಂದನ್ನು ಬಲವಂತವಾಗಿ ತುರುಕಿದರೆ ಸೋರಿಕೆ ಖಂಡಿತ. ವಿಂಗ್ ಸುಂಗ್ 601ರಲ್ಲಿ ಕನ್ವರ್ಟರ್ ಇಲ್ಲ, ಹಿಂಬದಿಯ ಗುಂಡಿಯನ್ನು ಮತ್ತೆ ಮತ್ತೆ ಒತ್ತಿ ಶಾಯಿ ಏರಿಸಬೇಕು. ಇಲ್ಲಿಯೂ ಗುಳ್ಳೆ ನಿಲ್ಲುವುದೇ ಗುರುತು.

ಪೆನ್ನಿನ ಒಡಲಿಗೇ ಫಿಲ್ಲರಿನಿಂದ ಶಾಯಿ ಸುರಿಯುವುದು ನಮ್ಮ ದೇಶದ ಹಳೆಯ ರೂಢಿ. ಹೆಚ್ಚು ಶಾಯಿ ಹಿಡಿಯಲೆಂದು ಗ್ರಾಹಕರು ಚೀನೀ ಪೆನ್ನುಗಳಲ್ಲಿಯೂ ಹಾಗೆ ಮಾಡುವುದುಂಟು. ಎಕ್ಸ್450ರಂತಹ ಲೋಹದ ಒಡಲಿನ ಪೆನ್ನಿಗೆ ಇದು ಸಲ್ಲದು, ಶಾಯಿ ಲೋಹವನ್ನು ತಿನ್ನುತ್ತದೆ. ರಂಧ್ರವಿಲ್ಲದ ಪ್ಲಾಸ್ಟಿಕ್ ಒಡಲಿಗೆ, ತಿರುಪಿನ ಎಳೆಗಳಿಗೆ ಸಿಲಿಕೋನ್ ಗ್ರೀಸ್ ಸವರಿ, ಹೀಗೆ ತುಂಬಬಹುದು. ಆದರೆ ಅದಕ್ಕೂ ಬೆಲೆ ತೆರಬೇಕು. ಒಡಲಿನಲ್ಲಿ 2 ಮಿಲಿಲೀಟರ್ ಗಾಳಿ ಇದೆಯೆಂದುಕೊಂಡರೆ, ಕೈಯ ಕಾವಿನಿಂದ ಅದರ ಉಷ್ಣತೆ 25ರಿಂದ 35 ಡಿಗ್ರಿಗೆ ಏರಿದಾಗ ಗಾಳಿ ಸುಮಾರು ಶೇಕಡಾ 3ರಷ್ಟು ಹಿಗ್ಗುತ್ತದೆ. ಅಂದರೆ ಒಂದು ಹನಿಗೂ ಮಿಗಿಲಾದ ಶಾಯಿ ಹೊರದೂಡಲ್ಪಡುತ್ತದೆ. ಕನ್ವರ್ಟರಿನಲ್ಲಿ ಅರ್ಧ ಮಿಲಿಲೀಟರ್ ಗಾಳಿ ಇದ್ದರೆ ಅದೇ ಕಾವಿಗೆ ಹೊರಬರುವುದು ಹನಿಯ ಮೂರನೆಯ ಒಂದು ಭಾಗ. ನಾಲಿಗೆಯ ಸೀಳುಗಳು ಅದನ್ನು ಹಿಡಿದಿಟ್ಟುಕೊಳ್ಳಬಲ್ಲವು. ಘಟ್ಟ ಹತ್ತುವಾಗಲೂ ಇದೇ ನಿಯಮ. ಮಂಗಳೂರಿನಿಂದ ಸಕಲೇಶಪುರಕ್ಕೆ ಬರುವಷ್ಟರಲ್ಲಿ ವಾಯುವಿನ ಒತ್ತಡ ಶೇಕಡಾ 10ರಷ್ಟು ತಗ್ಗುತ್ತದೆ. ಜೇಬಿನಲ್ಲಿ ಅಡ್ಡಲಾಗಿ ಮಲಗಿದ ಅರೆಖಾಲಿ ಪೆನ್ನು ಅಂಗಿಯನ್ನು ಕೆಡಿಸದೆ ಬಿಡದು. ನಿಬ್ಬು ಮೇಲಾಗಿ ನಿಲ್ಲಿಸಿದ್ದರೆ ಗಾಳಿ ಮಾತ್ರ ಹೊರಹೋಗುತ್ತದೆ, ಶಾಯಿ ಉಳಿಯುತ್ತದೆ.

ತೊಳೆಯುವುದು, ಶಾಯಿ ಆರಿಸುವುದು

ಹೊಸ ಪೆನ್ನು ಬರೆಯದಿರುವುದಕ್ಕೆ ಸಾಮಾನ್ಯ ಕಾರಣ ಕಾರ್ಖಾನೆಯಲ್ಲಿ ಅಂಟಿಕೊಂಡ ಎಣ್ಣೆಯ ಪಸೆ. ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ದ್ರಾವಣದ ಒಂದು ಹನಿ ಸೇರಿಸಿ ನಾಲ್ಕಾರು ಬಾರಿ ತುಂಬಿ ಖಾಲಿ ಮಾಡಿ, ಬರಿಯ ನೀರಿನಲ್ಲಿ ಜಾಲಿಸಿದರೆ ಸಾಕು. ಕುದಿನೀರು, ಸ್ಪಿರಿಟ್ಟು ಎರಡೂ ಬೇಡ. ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ ಅಥವಾ ಬಿರಿಯುತ್ತದೆ. ತೊಳೆದ ಮೇಲೂ ಗೀಚಿದಂತಾದರೆ ನಿಬ್ಬಿನ ಎರಡು ಸೀಳುಗಳ ತುದಿ ಸಮವಾಗಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಬೇಕು. ಮೇಲೆದ್ದ ಸೀಳನ್ನು ಉಗುರಿನಿಂದ ಮೆಲ್ಲನೆ ಒತ್ತಿದರೆ ಬಹಳಷ್ಟು ಸಲ ಸರಿಹೋಗುತ್ತದೆ. ಬರೆಯದ ಪೆನ್ನನ್ನು ಝಾಡಿಸುವ ಅಭ್ಯಾಸ ಮಾತ್ರ ಗೋಡೆಗೂ ಕೇಡು, ಪೆನ್ನಿಗೂ ಕೇಡು.

ಶಾಯಿಯ ವಿಷಯದಲ್ಲಿ ಹೇಳಬೇಕಾದುದು ಕಡಿಮೆ. ಕ್ಯಾಮ್ಲಿನ್, ಬ್ರಿಲ್ ಮುಂತಾದ ಶಾಯಿ ಪೆನ್ನಿನ ಶಾಯಿ ಯಾವುದಾದರೂ ಆಗುತ್ತದೆ. ಒಂದು ಕಾಲಕ್ಕೆ ಮನೆಮಾತಾಗಿದ್ದ ಬೆಂಗಳೂರಿನ ಚೆಲ್‌ಪಾರ್ಕ್ ಈ ಬಗೆಯದೇ. ನಕ್ಷೆ ಬರೆಯುವ ಇಂಡಿಯನ್ ಇಂಕನ್ನಾಗಲಿ ರಬ್ಬರ್ ಮೊಹರಿನ ಪ್ಯಾಡಿನ ಶಾಯಿಯನ್ನಾಗಲಿ ತುಂಬಿದರೆ ನಾಲಿಗೆಯ ಸಂದುಗಳು ಕಟ್ಟಿಹೋಗುತ್ತವೆ.

ನಿಬ್ಬಿನ ಮೇಲಿನ ಬರಹ

ಜಿನ್‌ಹಾವೊ ನಿಬ್ಬುಗಳ ಮೇಲೆ '18ಕೆಜಿಪಿ' ಎಂಬ ಮುದ್ರೆ ಇರುತ್ತದೆ. ಇದರ ಅರ್ಥ ಚಿನ್ನದ ಲೇಪ ಎಂದಷ್ಟೇ, ಒಳಗಿರುವುದು ಉಕ್ಕು. ಅದನ್ನು 18 ಕ್ಯಾರಟ್ ಚಿನ್ನದ ನಿಬ್ಬು ಎಂದು ಹೇಳಿ ಮಾರುವುದು ವಂಚನೆಯಾಗುತ್ತದೆ. 'ಇರಿಡಿಯಂ ಪಾಯಿಂಟ್ ಜರ್ಮನಿ' ಎಂದು ಕೊರೆದಿರುವ ನಿಬ್ಬುಗಳ ಕಥೆಯೂ ಇದೇ. ಅವುಗಳಲ್ಲಿ ಅನೇಕವು ಜರ್ಮನಿಯನ್ನು ಕಂಡವಲ್ಲ. ಬರಹವನ್ನು ನಂಬಿ ಮಾತು ಕೊಟ್ಟ ವರ್ತಕರು 2019ರ ಗ್ರಾಹಕರ ಸಂರಕ್ಷಣಾ ಅಧಿನಿಯಮದಡಿ ಉತ್ತರ ಹೇಳಬೇಕಾದೀತು.

ಹೆಸರಾಂತ ಪೆನ್ನಿನ ರೂಪವನ್ನು ಹೋಲುವುದು ಒಂದು, ಅದರ ಹೆಸರು ಮತ್ತು ಗುರುತನ್ನೇ ಹೊತ್ತಿರುವುದು ಇನ್ನೊಂದು. ಎರಡನೆಯದು ನಕಲಿ ಸರಕು. 2007ರ ಬೌದ್ಧಿಕ ಸ್ವತ್ತಿನ ಹಕ್ಕುಗಳ ಆಮದು ನಿಯಮಗಳ ಅನ್ವಯ ಸುಂಕದ ಕಟ್ಟೆಯಲ್ಲಿಯೇ ಅದನ್ನು ತಡೆಹಿಡಿಯಲು ಅವಕಾಶವಿದೆ. ಮೊದಲನೆಯದರಲ್ಲಿಯೂ ಆ ರೂಪ ಭಾರತದಲ್ಲಿ ನೋಂದಣಿಯಾಗಿದೆಯೇ ಎಂದು ವಿಚಾರಿಸಿಕೊಳ್ಳುವುದು ಲೇಸು. ನೇರವಾಗಿ ತರಿಸುವವರಿಗೆ ಆಮದು-ರಫ್ತು ಸಂಕೇತ ಸಂಖ್ಯೆ ಅಗತ್ಯ. ಸುಂಕದ ಪಟ್ಟಿಯಲ್ಲಿ ಪೆನ್ನು 9608ನೆಯ ಶೀರ್ಷಿಕೆಯಡಿಯೂ, ಶಾಯಿ 3215ರಡಿಯೂ ಬರುವುದರಿಂದ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ತರಿಸುವವರು ಬೀಜಕದಲ್ಲಿ ಬೇರೆ ಬೇರೆಯಾಗಿ ನಮೂದಿಸಬೇಕು. ಪೊಟ್ಟಣದ ಸರಕುಗಳ ಕುರಿತ 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಚಿಲ್ಲರೆ ಬೆಲೆ ಹಾಗೂ ತಯಾರಾದ ದೇಶದ ಹೆಸರು ಪೊಟ್ಟಣದ ಮೇಲೆ ಇರಲೇಬೇಕು. ಇವಿಲ್ಲದ ಸರಕನ್ನು ಅಗ್ಗವೆಂದು ಕೊಂಡ ಚಿಲ್ಲರೆ ವರ್ತಕರೂ ದಂಡಕ್ಕೆ ಗುರಿಯಾಗಬಹುದು.

ಈ ಪೆನ್ನುಗಳ ಪೆಟ್ಟಿಗೆಯಲ್ಲಿ ಬರುವ ಸೂಚನಾ ಪತ್ರ, ಇದ್ದರೆ, ಹೆಚ್ಚಾಗಿ ಚೀನೀ ಭಾಷೆಯಲ್ಲಿರುತ್ತದೆ. ತುಂಬುವ ಕ್ರಮವನ್ನು ಕನ್ನಡದಲ್ಲಿ ಅಂಗೈಯಗಲದ ಚೀಟಿಯಲ್ಲಿ ಅಚ್ಚು ಹಾಕಿಸಿ ಪ್ರತಿ ಪೆನ್ನಿನೊಡನೆ ಇಡುವುದಕ್ಕೆ ಕೆಲವೇ ಪೈಸೆಗಳ ಖರ್ಚು ತಗಲುತ್ತದೆ. ಮಾರುವ ಮುನ್ನ ಗಲ್ಲಾದ ಬಳಿಯೇ ನಿಬ್ಬನ್ನು ಶಾಯಿಗೆ ಅದ್ದಿ ಗ್ರಾಹಕರ ಕೈಯಲ್ಲಿ ನಾಲ್ಕು ಸಾಲು ಬರೆಯಿಸಿ, ನೀರಿನಲ್ಲಿ ತೊಳೆದು ಒರೆಸಿ ಕೊಟ್ಟರೆ ನಿಬ್ಬಿನ ದೋಷವಿರುವ ಪೆನ್ನು ಅಂಗಡಿಯಲ್ಲೇ ಸಿಕ್ಕಿಬೀಳುತ್ತದೆ. ಅಂಥದನ್ನು ಬೇರೆಯಾಗಿ ಎತ್ತಿಟ್ಟು ಮುಂದಿನ ಖರೀದಿಯ ವೇಳೆ ಸಗಟು ವರ್ತಕರ ಮುಂದಿಡಬಹುದು.