ಕರುಳಿನ ನರ, ಸುಣ್ಣದ ಲೆಕ್ಕ ಮತ್ತು ಕಲ್ಕತ್ತೆಯ ಕಾಲರಾ

ಕಾಲರಾ ಜೋರಾಗಿ ಹಿಡಿದವರ ಮೈಯಿಂದ ಗಂಟೆಗೆ ಒಂದು ಲೀಟರಿನವರೆಗೂ ನೀರು ಹೋಗಬಹುದು. ಅಷ್ಟು ನೀರನ್ನು ಕರುಳಿಗೆ ಸುರಿಸುವವರು ಯಾರು?

ಈಗಿನ ಕೋಲ್ಕತ್ತ, ಆಗಿನ ಕಲ್ಕತ್ತೆಗೆ ಬಂದ ಜರ್ಮನಿಯ ರಾಬರ್ಟ್ ಕಾಖ್, 1884ರಲ್ಲಿ ಅಲ್ಲಿನ ರೋಗಿಗಳಲ್ಲಿ ಕಾಲರಾದ ರೋಗಾಣುವನ್ನು ಗುರುತಿಸಿದ. ಅದು ಕೊಲ್ಲುವ ಬಗೆ ತಿಳಿಯಲು ಇನ್ನೂ ಎಪ್ಪತ್ತೈದು ವರ್ಷ ಹಿಡಿಯಿತು. ಅದೂ ಅದೇ ಊರಿನಲ್ಲಿ. ಶಂಭುನಾಥ ದೇ ಎಂಬ ಬಂಗಾಳಿ ವೈದ್ಯರು ಮೊಲದ ಸಣ್ಣ ಕರುಳಿನ ತುಣುಕೊಂದಕ್ಕೆ ಎರಡೂ ಕಡೆ ದಾರ ಕಟ್ಟಿ, ರೋಗಾಣುಗಳನ್ನು ಸೋಸಿ ತೆಗೆದ ಬರೀ ದ್ರವವನ್ನು ಅದಕ್ಕೆ ಚುಚ್ಚಿದರು. ಕರುಳು ನೀರು ತುಂಬಿ ಉಬ್ಬಿತು. ರೋಗಾಣು ಬೇಕಿಲ್ಲ, ಅದು ಉಗುಳಿದ ವಿಷವೇ ಸಾಕು ಎಂದು 1959ರಲ್ಲಿ ಜಗತ್ತಿಗೆ ಗೊತ್ತಾದದ್ದು ಹೀಗೆ. (ದೇ ಅವರಿಗೆ ನೊಬೆಲ್ ಬರಲಿಲ್ಲ. ಇರಲಿ.)

ಇನ್ನು ನರದ ಮಾತು. ನಮ್ಮ ಕರುಳಿನ ಗೋಡೆಯೊಳಗೇ ಕೋಟಿಗಟ್ಟಲೆ ನರಕೋಶಗಳು ಬಲೆಯಂತೆ ಹರಡಿವೆ. ಅನ್ನ ಮುಂದೂಡುವುದು, ರಸ ಸುರಿಸುವುದು ಇವನ್ನೆಲ್ಲ ಅವು ಮಿದುಳನ್ನು ಕೇಳದೆಯೇ ನಡೆಸಬಲ್ಲವು. ನರಕೋಶ ಒಮ್ಮೆ ಮಿಡಿದರೆ ಅದರ ಕಿರುಬಾಗಿಲುಗಳು ತೆರೆದು ಕ್ಯಾಲ್ಸಿಯಂ, ಅಂದರೆ ನಮ್ಮ ಸುಣ್ಣದ ಅಂಶ, ಒಳಕ್ಕೆ ನುಗ್ಗುತ್ತದೆ. ಹೊರಗೆ ಅದು ಒಳಗಿನದರ ಸುಮಾರು ಹತ್ತು ಸಾವಿರ ಪಟ್ಟು ಇರುವಾಗ ತಳ್ಳುವವರೇ ಬೇಡ ನೋಡಿ! ಹಾಗೆ ಬಂದದ್ದು ಕೋಶದೊಳಗಿನ ಉಗ್ರಾಣದಿಂದ ಇನ್ನಷ್ಟು ಕ್ಯಾಲ್ಸಿಯಮ್ಮನ್ನು ಹೊರಡಿಸುತ್ತದೆ.

ಸ್ವಾರಸ್ಯ ಇರೋದು ಇಲ್ಲೇ. ಕರುಳಿನ ಸುದ್ದಿ ತಿಳಿಯುವ ಕೆಲವು ನರಕೋಶಗಳಲ್ಲಿ ಈ ಕ್ಯಾಲ್ಸಿಯಂ ಪೊಟ್ಯಾಸಿಯಮ್ಮಿನ ಬಾಗಿಲು ತೆರೆಯುತ್ತದೆ. ಪೊಟ್ಯಾಸಿಯಂ ಹೊರಕ್ಕೆ ಸೋರಿದಂತೆ ಕೋಶ ಹಲವು ಸೆಕೆಂಡು ಮಂಕಾಗಿಬಿಡುತ್ತದೆ. ಅಷ್ಟರಲ್ಲಿ ಅದರ ಪಂಪುಗಳು ಶಕ್ತಿ ಖರ್ಚುಮಾಡಿ ಕ್ಯಾಲ್ಸಿಯಮ್ಮನ್ನು ಸ್ವಲ್ಪ ಹೊರಕ್ಕೆ, ಸ್ವಲ್ಪ ಉಗ್ರಾಣಕ್ಕೆ ಸಾಗಿಸುತ್ತವೆ. ನಮ್ಮ ಕಾಮರ್ಸಿನವರ ಮಾತಲ್ಲಿ ಹೇಳೋದಾದ್ರೆ, ಜಮಾ-ಖರ್ಚು ತಾಳೆಯಾಗೋ ತನಕ ಅಂಗಡಿ ಬಾಗಿಲು ತೆಗೆಯೋ ಹಾಗಿಲ್ಲ. ಈ ಬಿಡುವು ಇರುವುದರಿಂದಲೇ ನರ ಸುಮ್ಮಸುಮ್ಮನೆ ಮಿಡಿಯುತ್ತಾ ಕೂರುವುದಿಲ್ಲ.

ಕಾಲರಾ ವಿಷ ಕರುಳಿನ ಒಳಪದರದ ಕೋಶಗಳನ್ನು ನೇರವಾಗಿ ಹಿಡಿದು ಉಪ್ಪು-ನೀರು ಸುರಿಸುತ್ತದೆ ಎಂಬುದು ಹಳೆಯ ವಿವರಣೆ. ನಿಜವೇ, ಆದರೆ ಪೂರ್ತಿ ಅಲ್ಲ. ಪ್ರಾಣಿಗಳಲ್ಲಿ ಕರುಳಿನ ನರಗಳನ್ನು ಮದ್ದು ಕೊಟ್ಟು ಸುಮ್ಮನಾಗಿಸಿದರೆ ಸುರಿಯುವ ನೀರೂ ಬಹಳ ತಗ್ಗುತ್ತದೆ ಎಂದು ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. 2017ರಲ್ಲಿ ಮೆಲ್ಬರ್ನಿನವರು ಗಿನಿಹಂದಿಯ ಕರುಳಿನ ತುಂಡಿಗೆ ಈ ವಿಷವನ್ನು ಒಂದೂವರೆ ಗಂಟೆ ಹಾಕಿಟ್ಟು, ತೊಳೆದು, ಆಮೇಲೆ ನರಕೋಶಗಳನ್ನು ಪರೀಕ್ಷಿಸಿದ್ದನ್ನು ಪ್ರಕಟಿಸಿದರು. ವಿಷ ಹೋಗಿದ್ದರೂ, ಸ್ನಾಯುಪದರಗಳ ನಡುವಿನ ಆ ನರಕೋಶಗಳ ಉದ್ರೇಕ ಇಳಿದಿರಲಿಲ್ಲ. ಕ್ಯಾಲ್ಸಿಯಂ ಕೊಡಿಸುವ ಬಿಡುವೇ ಕುಗ್ಗಿಹೋಗಿತ್ತು. ಬಿಡುವಿಲ್ಲದ ನರ 'ಸುರಿಸು, ಸುರಿಸು' ಎಂದು ಹೇಳುತ್ತಲೇ ಇರುತ್ತದೆ.

ಈ ನರಗಳನ್ನು ರೋಗಿಯಲ್ಲಿ ಸುಮ್ಮನಾಗಿಸುವುದು ಸುಲಭವಲ್ಲ. ಅದೃಷ್ಟಕ್ಕೆ ಕರುಳಿಗೆ ಇನ್ನೊಂದು ಬಾಗಿಲಿದೆ: ಸಕ್ಕರೆ, ಉಪ್ಪು ಜೊತೆಯಾಗಿ ಒಳಹೋಗುವ ಬಾಗಿಲು. ಅವುಗಳ ಹಿಂದೆ ನೀರೂ ಹೋಗುತ್ತದೆ. ಇದನ್ನು ವಿಷ ಮುಟ್ಟುವುದಿಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಕಲ್ಕತ್ತೆಯ ಆಚೆಯ ಬನಗಾಂವ್‌ನಲ್ಲಿ ಕಾಲರಾಕ್ಕೆ ಸಿಕ್ಕಿ ಸಾಯುತ್ತಿದ್ದರು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತಾ ಬಂತು. ಆಗ ಡಾಕ್ಟರ್ ದಿಲೀಪ್ ಮಹಲಾನಬಿಸ್ ಗ್ಲೂಕೋಸು, ಅಡುಗೆ ಉಪ್ಪು, ಅಡುಗೆ ಸೋಡ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ಕುಡಿಸಿರೆಂದು ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. ನೂರಕ್ಕೆ ಸುಮಾರು ಮೂವತ್ತಿದ್ದ ಸಾವು ಅವರ ಶಿಬಿರದಲ್ಲಿ ನಾಲ್ಕಕ್ಕಿಂತ ಕೆಳಗಿಳಿಯಿತು.